ಗರಡಿಯ ಗುದ್ದಲಿ ಹೇಳುವ ಪಾಠ

ವ್ಯಾಯಾಮಕ್ಕೆ ಮುನ್ನ ಮೈಯನ್ನು ಅಣಿಗೊಳಿಸುವುದು ಹೇಗೆ, ಏಕೆ?

ಚಳಿಗಾಲದ ನಸುಕಿನಲ್ಲಿ ವಿಜಯಪುರ ನಗರದ ಬೀದಿಗಳು ಕಾಲ ಸಪ್ಪಳದಿಂದ ಎಚ್ಚರಗೊಳ್ಳುತ್ತವೆ. ಗೋಳಗುಮ್ಮಟದ ಸುತ್ತಿನ ರಸ್ತೆಗಳಲ್ಲಿ ತಲೆಗೆ ಮಫ್ಲರು ಸುತ್ತಿಕೊಂಡ ಹಿರಿಯರು ಜೋಡಿ ಜೋಡಿಯಾಗಿ ನಡೆಯುತ್ತಾರೆ. ಡಾ. ಬಿ. ಆರ್. ಅಂಬೇಡ್ಕರ್ ಜಿಲ್ಲಾ ಕ್ರೀಡಾಂಗಣದಲ್ಲಿ ಹುಡುಗ ಹುಡುಗಿಯರು ಸುತ್ತು ಹಾಕುತ್ತಾರೆ. ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸೈಕಲ್ಲುಗಳ ಸಾಲು ತಿಕೋಟಾದತ್ತ ಸಾಗಿದರೆ, ಜಮಖಂಡಿಯ ರಸ್ತೆಯಲ್ಲಿ ಬಬಲೇಶ್ವರದತ್ತ ಸಾಗುವವರೂ ಉಂಟು. ಸೈಕಲ್ ಪಟುಗಳ ತವರೆಂದು ಹೆಸರಾದ ಈ ಜಿಲ್ಲೆಯಲ್ಲಿ ವ್ಯಾಯಾಮದ ಗೀಳು ಈಗ ಮನೆಮನೆಗೂ ಹಬ್ಬಿದೆ. 2023ರ ಡಿಸೆಂಬರ್ 24ರಂದು ನಗರದಲ್ಲಿ ನಡೆದ ವೃಕ್ಷಥಾನ್ ಹೆರಿಟೇಜ್ ರನ್‌ನಲ್ಲಿ 21, 10 ಮತ್ತು 5 ಕಿಲೋಮೀಟರುಗಳ ಓಟಗಳಿದ್ದವು. ಶಾಲೆಯ ಮಕ್ಕಳಿಂದ ನರೆತ ತಲೆಯವರವರೆಗೆ ಎಲ್ಲ ವಯಸ್ಸಿನವರೂ ಅಲ್ಲಿ ಕಾಣಿಸಿಕೊಂಡರು.

ಇದು ಸಂತೋಷದ ಸಂಗತಿಯೇ ಸರಿ. ಆದರೆ ಈ ಉತ್ಸಾಹದ ಬೆನ್ನಿಗೇ ಇನ್ನೊಂದು ಕಥೆಯೂ ಇದೆ. ನಲವತ್ತು ದಾಟಿದ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಹಗಲೆಲ್ಲ ಕಚೇರಿಯ ಕುರ್ಚಿ, ಸಂಜೆ ಮನೆಯ ಸೋಫಾ. ರಕ್ತದಲ್ಲಿ ಸಕ್ಕರೆಯ ಅಂಶ ಏರಿದೆಯೆಂದು ವೈದ್ಯರು ಎಚ್ಚರಿಸಿದ ಮೇಲೆ ಹೊಸ ಬೂಟು ಕೊಂಡು, ಮರುದಿನವೇ ಹಾಸಿಗೆಯಿಂದೆದ್ದು ನೇರವಾಗಿ ಓಟಕ್ಕಿಳಿಯುತ್ತಾರೆ. ಮೂರನೆಯ ದಿನ ಮೀನಖಂಡ ಚಳುಕೆಂದು ಹಿಡಿಯುತ್ತದೆ. ಕುಂಟುತ್ತ ಮನೆ ಸೇರುತ್ತಾರೆ. ವಾರ ಕಳೆದು ನೋವು ಹೋದರೂ ಬೂಟು ಮತ್ತೆ ಹೊರಗೆ ಬರುವುದಿಲ್ಲ. “ಓಟ, ಕಸರತ್ತು ನಮ್ಮಂಥವರಿಗಲ್ಲ” ಎಂಬ ತೀರ್ಮಾನ ಮನಸ್ಸಿನಲ್ಲಿ ಊರಿಬಿಡುತ್ತದೆ. ಕಾಲಿನ ನೋವು ಎಂಟು ದಿನದ್ದು. ಆದರೆ ಆ ತೀರ್ಮಾನದ ನಷ್ಟ ಜೀವಮಾನದ್ದು. ಯಾವ ಕಾಯಿಲೆಯನ್ನು ದೂರವಿಡಲು ಓಡಲು ಹೊರಟಿದ್ದರೋ ಆ ಕಾಯಿಲೆ ಮನೆಯಲ್ಲೇ ಉಳಿಯಿತಲ್ಲ!

ಈ ಅನಾಹುತವನ್ನು ತಪ್ಪಿಸಲು ಹತ್ತು ಹನ್ನೆರಡು ನಿಮಿಷಗಳ ಒಂದು ಸಿದ್ಧತೆ ಬೇಕು. ಇಂಗ್ಲಿಷಿನಲ್ಲಿ ಅದನ್ನು ‘ವಾರ್ಮ್ ಅಪ್’ ಎನ್ನುತ್ತಾರೆ. ಮೈ ಬಿಸಿ ಮಾಡಿಕೊಳ್ಳುವುದೆಂದು ನಮ್ಮ ಪೈಲ್ವಾನರು ಎಂದಿನಿಂದಲೂ ಹೇಳುತ್ತ ಬಂದಿರುವುದು ಇದನ್ನೇ.

ತಾಲೀಮಿನ ಜಾಣ್ಮೆ

ಉತ್ತರ ಕರ್ನಾಟಕದ ಗರಡಿಮನೆಗೆ ‘ತಾಲೀಮು’ ಎಂಬ ಹೆಸರೂ ಉಂಟು. ಅಲ್ಲಿಗೆ ಬಂದ ಹುಡುಗ ಲಂಗೋಟಿ ಬಿಗಿದ ಕೂಡಲೇ ಕುಸ್ತಿಗೆ ಇಳಿಯುವಂತಿಲ್ಲ. ಮೊದಲು ಗುದ್ದಲಿ ಹಿಡಿದು ಕಣದ ಮಣ್ಣನ್ನು ಅಗೆಯಬೇಕು, ತಿರುವಿ ಹಾಕಬೇಕು, ಹದ ಮಾಡಬೇಕು. ಬಿದ್ದವರಿಗೆ ಪೆಟ್ಟಾಗದಿರಲೆಂದು ಮಣ್ಣು ಮೆತ್ತಗಿರಬೇಕಾದುದು ಇದರ ಒಂದು ಉದ್ದೇಶ. ಎರಡನೆಯ ಲಾಭ ಕಣ್ಣಿಗೆ ಬೀಳದಂಥದು. ಬಗ್ಗಿ ಎದ್ದು ಮಣ್ಣು ಅಗೆಯುವಷ್ಟರಲ್ಲಿ ಬೆನ್ನು, ಭುಜ, ತೊಡೆಗಳೆಲ್ಲ ಬೆವರುತ್ತವೆ. ಆಮೇಲೆ ದಂಡೆ, ಬೈಠಕ್ಕು. ನಂತರ ವಸ್ತಾದರ ಕಣ್ಣೆದುರಿನಲ್ಲಿ ನಿಧಾನವಾದ ಪಟ್ಟುಗಳ ಅಭ್ಯಾಸ. ಕೊನೆಗೆ ಜೋರಿನ ಜೋಡಿ. ಹಗುರದಿಂದ ಭಾರಕ್ಕೆ, ನಿಧಾನದಿಂದ ವೇಗಕ್ಕೆ ಏರುವ ಈ ಮೆಟ್ಟಿಲುಗಳನ್ನೇ ಇಂದಿನ ಕ್ರೀಡಾವೈದ್ಯರೂ ಬೋಧಿಸುತ್ತಾರೆ.

ಮೈಯೊಳಗೆ ಏನಾಗುತ್ತದೆ?

ವಿಶ್ರಾಂತಿಯಲ್ಲಿರುವಾಗ ನಮ್ಮ ಸ್ನಾಯುಗಳಿಗೆ ಹೃದಯದಿಂದ ಹೊರಡುವ ರಕ್ತದ ಸಣ್ಣ ಪಾಲು ಮಾತ್ರ ದೊರೆಯುತ್ತದೆ. ನಡೆಯತೊಡಗಿದ ಕೆಲವೇ ನಿಮಿಷಗಳಲ್ಲಿ ರಕ್ತನಾಳಗಳು ಹಿಗ್ಗಿ, ದುಡಿಯುವ ಸ್ನಾಯುಗಳತ್ತ ರಕ್ತ ಧಾರಾಳವಾಗಿ ಹರಿಯುತ್ತದೆ. ಸ್ನಾಯುವಿನ ಉಷ್ಣತೆ ಒಂದೆರಡು ಡಿಗ್ರಿಗಳಷ್ಟು ಏರುತ್ತದೆ. ಬೆಚ್ಚಗಾದ ಸ್ನಾಯುವಿಗೆ ರಕ್ತ ತನ್ನಲ್ಲಿರುವ ಆಮ್ಲಜನಕವನ್ನು ಹೆಚ್ಚು ಸುಲಭವಾಗಿ ಬಿಟ್ಟುಕೊಡುತ್ತದೆ. ನರಗಳಲ್ಲಿ ಸಂದೇಶಗಳು ತ್ವರಿತವಾಗಿ ಓಡುತ್ತವೆ. ಕಲ್ಲಿನ ಮೇಲೆ ಕಾಲು ಜಾರಿದ ಕ್ಷಣದಲ್ಲಿ ಪಾದವನ್ನು ಸರಿಪಡಿಸಿಕೊಳ್ಳುವ ಚುರುಕು ಬರುವುದು ಇದರಿಂದಲೇ.

ಕೀಲುಗಳ ವಿಷಯವೂ ಹೀಗೆಯೇ. ಎರಡು ಮೂಳೆಗಳು ಕೂಡುವಲ್ಲಿ ಜಾರುವ ದ್ರವವೊಂದು ಇರುತ್ತದೆ. ಅಲುಗಾಟವಿಲ್ಲದಿದ್ದರೆ ಅದು ಮಂದವಾಗಿರುತ್ತದೆ. ಕೀಲು ಆಡತೊಡಗಿದಂತೆ ತೆಳುವಾಗಿ ಎಲ್ಲೆಡೆ ಹರಡುತ್ತದೆ. ಬಂಡಿ ಹೂಡುವ ಮುನ್ನ ಗಾಲಿಗೆ ಕೀಲೆಣ್ಣೆ ಹಾಕದ ರೈತನಿಲ್ಲ. ಮೈಯೆಂಬ ಬಂಡಿಯ ಕೀಲೆಣ್ಣೆ ಒಳಗೇ ಇದೆ. ಅದನ್ನು ಹರಡಲು ಕೀಲನ್ನು ಮೆಲ್ಲಗೆ ಆಡಿಸಿದರೆ ಸಾಕು.

ಹೃದಯಕ್ಕೂ ಈ ಸಿದ್ಧತೆ ಬೇಕು. ಆರೋಗ್ಯವಂತರಾದ ಗಂಡಸರನ್ನು ಯಾವ ಪೂರ್ವಸಿದ್ಧತೆಯೂ ಇಲ್ಲದೆ ಒಮ್ಮೆಲೇ ಜೋರಾಗಿ ಓಡಿಸಿ ನೋಡಿದ ಅಮೆರಿಕದ ಪರೀಕ್ಷೆಗಳ ವರದಿ 1973ರಲ್ಲಿ ಪ್ರಕಟವಾಯಿತು. ಅವರಲ್ಲಿ ಅನೇಕರ ಹೃದಯದ ವಿದ್ಯುತ್ ರೇಖಾಚಿತ್ರದಲ್ಲಿ ಏರುಪೇರು ಕಂಡಿತು. ಮೊದಲು ಹಗುರವಾಗಿ ಓಡಿ ಆಮೇಲೆ ಅದೇ ಪರೀಕ್ಷೆಗೆ ನಿಂತಾಗ ಏರುಪೇರು ಬಹಳಮಟ್ಟಿಗೆ ತಗ್ಗಿತು. ಬಸ್ಸು ಹೊರಟಿತೆಂದು ಒಮ್ಮೆಲೇ ಓಡುವ ಹಿರಿಯರು ಇದನ್ನು ಮನಸ್ಸಿನಲ್ಲಿಡುವುದು ಲೇಸು.

ಎಳೆತದ ಬಗೆಗೆ ಹಳೆಯ ನಂಬಿಕೆ

ಮೈ ಬಿಸಿ ಮಾಡಿಕೊಳ್ಳುವುದು ಬೇರೆ, ಸ್ನಾಯುಗಳನ್ನು ಎಳೆದು ಸಡಿಲಿಸುವ ‘ಸ್ಟ್ರೆಚಿಂಗ್’ ಬೇರೆ. ಎರಡನ್ನೂ ಒಂದೇ ಎಂದು ತಿಳಿದು, ಹಾಸಿಗೆಯಿಂದ ಎದ್ದವರೇ ಬಗ್ಗಿ ಕಾಲ್ಬೆರಳು ಮುಟ್ಟಿ, ಅದೇ ಭಂಗಿಯಲ್ಲಿ ನಿಮಿಷಗಟ್ಟಲೆ ನಿಂತು, ‘ಸಿದ್ಧತೆ ಮುಗಿಯಿತು’ ಎಂದುಕೊಳ್ಳುವವರು ಬಹಳ. ಬಹುಕಾಲ ಶಾಲೆಗಳಲ್ಲೂ ಹೀಗೆಯೇ ಕಲಿಸಲಾಗುತ್ತಿತ್ತು.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಆಸ್ಟ್ರೇಲಿಯದ ಸಂಶೋಧಕರು. ಅಲ್ಲಿನ ಸೈನ್ಯಕ್ಕೆ ಹೊಸದಾಗಿ ಸೇರಿದ 1,538 ಯುವಕರನ್ನು ಎರಡು ಪಂಗಡ ಮಾಡಿ, 12 ವಾರಗಳ ತರಬೇತಿಯಲ್ಲಿ ಒಂದು ಪಂಗಡಕ್ಕೆ ಪ್ರತಿಸಾರಿಯೂ ಕಾಲಿನ ಸ್ನಾಯುಗಳನ್ನು ಎಳೆದು ಹಿಡಿಯುವ ಅಭ್ಯಾಸ ಮಾಡಿಸಿದರು, ಇನ್ನೊಂದಕ್ಕೆ ಅದಿಲ್ಲ. ಮೈ ಬಿಸಿ ಮಾಡಿಕೊಳ್ಳುವುದು ಮಾತ್ರ ಇಬ್ಬರಿಗೂ ಇತ್ತು. 2000ದಲ್ಲಿ ಪ್ರಕಟವಾದ ಫಲಿತಾಂಶ ಅನೇಕರನ್ನು ಚಕಿತಗೊಳಿಸಿತು. ಗಾಯಗಳ ಪ್ರಮಾಣದಲ್ಲಿ ಎರಡು ಪಂಗಡಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ! ಒಂದು ಸ್ನಾಯುವನ್ನು ಒಂದು ನಿಮಿಷಕ್ಕೂ ಮಿಗಿಲಾಗಿ ಎಳೆದು ಹಿಡಿದರೆ, ಅದರ ಬಲ ಕೆಲಹೊತ್ತು ಸ್ವಲ್ಪ ಕುಗ್ಗುತ್ತದೆಂಬುದೂ ಮುಂದಿನ ಅಧ್ಯಯನಗಳಿಂದ ತಿಳಿದುಬಂದಿತು.

ಹಾಗಾದರೆ ಎಳೆತ ವ್ಯರ್ಥವೆ? ಅಲ್ಲ. ಮೈಯ ಬಾಗುವಿಕೆಯನ್ನು ಹೆಚ್ಚಿಸಲು ಅದು ಬೇಕೇ ಬೇಕು. ವಯಸ್ಸಾದಂತೆ ಬಿಗಿಯುವ ಮಂಡಿ, ಭುಜ, ಟೊಂಕಗಳಿಗೆ ಅದರಿಂದ ನೆಮ್ಮದಿಯೂ ಉಂಟು. ಅದಕ್ಕೆ ತಕ್ಕ ಹೊತ್ತು ಮೈ ಬಿಸಿಯಾದ ಮೇಲಿನದು, ಅದರಲ್ಲೂ ವ್ಯಾಯಾಮ ಮುಗಿದ ಮೇಲಿನದು. ವ್ಯಾಯಾಮಕ್ಕೆ ಮುನ್ನ ಬೇಕಾದುದು ಚಲನೆಯಿಂದ ಕೂಡಿದ ಎಳೆತ: ಕಾಲು ಬೀಸುವುದು, ತೋಳು ತಿರುಗಿಸುವುದು, ಉದ್ದ ಹೆಜ್ಜೆಯಿಟ್ಟು ಮಂಡಿ ಬಗ್ಗಿಸುವುದು. ಯೋಗಾಸನ ಮಾಡುವವರಿಗೂ ಇದೇ ಮಾತು ಸಲ್ಲುತ್ತದೆ. ಕೊರೆಯುವ ಚಳಿಯಲ್ಲಿ ಎದ್ದೊಡನೆಯೇ ಪಶ್ಚಿಮೋತ್ತಾನಾಸನಕ್ಕೆ ಬೆನ್ನನ್ನು ಬಗ್ಗಿಸದೆ, ಸರಳ ಚಲನೆಗಳಿಂದ ಆರಂಭಿಸುವುದು ಕ್ಷೇಮ.

ಹೆಣ್ಣುಮಕ್ಕಳ ಮಂಡಿ

ಆಟದ ಬಯಲಿನಲ್ಲಿ ಪ್ರಾಯದ ಹುಡುಗಿಯರ ಮಂಡಿಗೆ ಅಪಾಯ ಹುಡುಗರಿಗಿಂತ ಹೆಚ್ಚು. ಓಡುತ್ತ ಓಡುತ್ತ ಥಟ್ಟನೆ ತಿರುಗಿದಾಗ, ನೆಗೆದು ಇಳಿದಾಗ ಮಂಡಿ ಒಳಕ್ಕೆ ವಾಲಿ, ಒಳಗಿನ ಕಟ್ಟುನಾರು ಹರಿಯಬಹುದು. ಹಾಗೆ ಹರಿದರೆ ಎಷ್ಟೋ ಸಲ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆಯ ವಿಶ್ರಾಂತಿ, ಕೆಲವೊಮ್ಮೆ ಆಟಕ್ಕೇ ವಿದಾಯ.

ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ 1,892 ಫುಟ್‌ಬಾಲ್ ಆಟಗಾರ್ತಿಯರ ಮೇಲೆ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಪಂಗಡದವರು ಆಟಕ್ಕೆ ಮುನ್ನ ಸುಮಾರು 20 ನಿಮಿಷ ಗೊತ್ತಾದ ಕ್ರಮವೊಂದನ್ನು ಪಾಲಿಸಿದರು: ಹಗುರ ಓಟ, ಒಂಟಿ ಕಾಲಿನ ಸಮತೋಲನ, ತೊಡೆ-ಹೊಟ್ಟೆಗಳ ಬಲವರ್ಧನೆ, ಮಂಡಿಯನ್ನು ನೇರವಾಗಿಟ್ಟು ನೆಗೆದು ಇಳಿಯುವ ಅಭ್ಯಾಸ. ಇದನ್ನು ಪಾಲಿಸಿದವರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾದವು. ತೀವ್ರವಾದ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಇದಕ್ಕೆ ಬೇಕಾದುದು ಒಂದಿಷ್ಟು ಸಮ ನೆಲ, ಕಲಿಸುವವರ ತಾಳ್ಮೆ; ಬೆಲೆಬಾಳುವ ಯಂತ್ರ ಯಾವುದೂ ಬೇಡ.

ವಿಜಯಪುರದ ಮಗಳಾದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನುಗಳಿಗೆ 5 ವಿಕೆಟ್ ಕಿತ್ತ ಮೇಲೆ, ಈ ಭಾಗದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಗೌರವ ಹೆಚ್ಚಿದೆ. ಆ ಗೌರವದ ಜೊತೆಗೆ ಜಾಗರೂಕತೆಯೂ ಬೆಳೆಯಬೇಕು. ಶಾಲೆಯ ಕ್ರೀಡಾಕೂಟದ ದಿನ ಮಕ್ಕಳು ಗಂಟೆಗಟ್ಟಲೆ ನೆರಳಿನಲ್ಲಿ ಕುಳಿತಿದ್ದು, ಹೆಸರು ಕೂಗಿದೊಡನೆ ನೂರು ಮೀಟರ್ ಓಟಕ್ಕೆ ಎದ್ದು ನಿಲ್ಲುವುದು ಸಾಮಾನ್ಯ ದೃಶ್ಯ. ತೊಡೆಯ ಹಿಂಬದಿಯ ಸ್ನಾಯು ಕೈಕೊಡುವುದು ಇಂಥ ಹೊತ್ತಿನಲ್ಲೇ. ಸರದಿಗೆ ಕಾಲುಗಂಟೆ ಮುನ್ನ ಮಕ್ಕಳನ್ನು ಎಬ್ಬಿಸಿ, ಮೈ ಬಿಸಿ ಮಾಡಿಸುವಂತೆ ತಂದೆತಾಯಿಗಳು ಉಪಾಧ್ಯಾಯರಲ್ಲಿ ವಿನಂತಿಸಿಕೊಳ್ಳಬಹುದು.

ಹನ್ನೆರಡು ನಿಮಿಷಗಳ ಕ್ರಮ

ಮನೆಮಂದಿಯೆಲ್ಲ ಪಾಲಿಸಬಹುದಾದ ಸರಳ ಕ್ರಮವೊಂದು ಹೀಗಿದೆ.

ಮೊದಲ ಐದು ನಿಮಿಷ ಆರಾಮವಾಗಿ ನಡೆದು, ಕ್ರಮೇಣ ಬಿರುಸು ಹೆಚ್ಚಿಸಬೇಕು. ಉಸಿರು ತುಸು ಏರಿರಬೇಕು. ಆದರೂ ಜೊತೆಗಾರರೊಡನೆ ಮಾತನಾಡುವಂತಿರಬೇಕು. ಹಣೆಯಲ್ಲಿ ಬೆವರು ಪಸೆಯಾಡಿದರೆ ಮೈ ಬಿಸಿಯಾಯಿತೆಂದು ತಿಳಿಯಬಹುದು.

ಮುಂದಿನ ನಾಲ್ಕು ನಿಮಿಷ ಕೀಲುಗಳಿಗೆ. ಪಾದದ ಕೀಲನ್ನು ಎರಡೂ ಕಡೆಗೆ ಹತ್ತು ಹತ್ತು ಸಲ ತಿರುಗಿಸಬೇಕು. ಗೋಡೆಯನ್ನೋ ಮರವನ್ನೋ ಹಿಡಿದು ಒಂದೊಂದು ಕಾಲನ್ನು ಹಿಂದೆ ಮುಂದೆ ಹತ್ತು ಸಲ ಬೀಸಬೇಕು. ತೋಳುಗಳನ್ನು ದೊಡ್ಡ ವೃತ್ತಗಳಲ್ಲಿ ತಿರುಗಿಸಬೇಕು. ಅರ್ಧ ಬೈಠಕ್ಕುಗಳನ್ನು ಎಂಟು ಹತ್ತು ಸಲ ನಿಧಾನವಾಗಿ ಮಾಡಬೇಕು. ಹಿಮ್ಮಡಿಯೆತ್ತಿ ತುದಿಗಾಲಲ್ಲಿ ನಿಂತು ಮೆಲ್ಲನೆ ಇಳಿಯುವುದನ್ನು ಹತ್ತು ಸಲ ಮಾಡಿದರೆ ಮೀನಖಂಡ ಸಿದ್ಧವಾಗುತ್ತದೆ.

ಕೊನೆಯ ಮೂರು ನಿಮಿಷ, ಮುಂದೆ ಮಾಡಲಿರುವ ಕೆಲಸವನ್ನೇ ಹಗುರವಾಗಿ ಮಾಡಬೇಕು. ಓಡುವವರು ನಿಧಾನ ಓಟದಿಂದ ಮೊದಲುಮಾಡಬೇಕು. ಕ್ರಿಕೆಟ್ ಆಡುವವರು ಹತ್ತಿರದಿಂದ ಚೆಂಡೆಸೆಯುತ್ತ ದೂರ ಹೆಚ್ಚಿಸಬೇಕು. ನಗರದಿಂದ ತಿಕೋಟಾಕ್ಕೆ ಸುಮಾರು 20 ಕಿಲೋಮೀಟರ್ ಸೈಕಲ್ ತುಳಿಯುವವರು ಮೊದಲ ಮೂರು ನಾಲ್ಕು ಕಿಲೋಮೀಟರನ್ನು ಹಗುರ ಗೇರಿನಲ್ಲಿ, ಗಾಳಿಗೆ ಎದುರಾಗಿ ಹಟ ಹಿಡಿಯದೆ ಸಾಗಿಸಬೇಕು. ಬಿರುಸಿನ ನಡಿಗೆ ಮಾತ್ರ ಮಾಡುವ ಹಿರಿಯರಿಗೆ ಇಷ್ಟೆಲ್ಲ ಬೇಕಾಗಿಲ್ಲ. ಮೊದಲ ಐದು ನಿಮಿಷದ ನಿಧಾನ ನಡಿಗೆಯೇ ಅವರ ಸಿದ್ಧತೆ.

ಚಳಿಗಾಲದಲ್ಲಿ ಈ ಹೊತ್ತನ್ನು ಐದು ನಿಮಿಷ ಹೆಚ್ಚಿಸಿದರೆ ಒಳ್ಳೆಯದು. ನಲವತ್ತು ಡಿಗ್ರಿ ಮುಟ್ಟುವ ಇಲ್ಲಿನ ಬೇಸಗೆಯಲ್ಲಿ ಮೈ ಬೇಗ ಬಿಸಿಯಾಗುತ್ತದೆ. ಆಗ ಮುಖ್ಯವಾದುದು ನೀರು ಮತ್ತು ಬಿಸಿಲೇರುವ ಮುನ್ನ ಮನೆ ಸೇರುವ ವಿವೇಕ.

ಜಾತ್ರೆಯ ಗುಂಡು, ದ್ರಾಕ್ಷಿಯ ಚಪ್ಪರ

ಮಕರ ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನೆರೆಯುತ್ತದೆ. ಕುಸ್ತಿಯ ಕಣ, ಭಾರ ಎತ್ತುವ ಸ್ಪರ್ಧೆಗಳು ಸುತ್ತಲಿನ ಹಳ್ಳಿಗಳ ಜನರನ್ನು ಸೆಳೆಯುತ್ತವೆ. ಗುಂಡುಕಲ್ಲು, ಸಂಗ್ರಾಣಿ ಕಲ್ಲು, ಉಸುಕಿನ ಚೀಲಗಳನ್ನು ಎತ್ತುವ ಸಾಹಸಿಗಳು ವರ್ಷವಿಡೀ ಪಳಗಿದವರು. ಹಗುರ ಕಲ್ಲಿನಿಂದ ಮೊದಲಾಗಿ ಭಾರದ ಕಲ್ಲಿಗೆ ಬಂದವರು. ಅದನ್ನು ಕಂಡು ಹುರುಪುಗೊಂಡ ಪೇಟೆಯ ತರುಣ ಒಮ್ಮೆಲೇ ಚೀಲಕ್ಕೆ ಕೈಹಾಕಿದರೆ ಬೆನ್ನೆಲುಬು ಅದರ ಬೆಲೆ ತೆರುತ್ತದೆ. ಇಂದಿನ ಜಿಮ್‌ಗಳಲ್ಲೂ ಇದೇ ನಡೆಯುತ್ತಿದೆ. ಎತ್ತಬೇಕಾದ ಭಾರದ ಅರ್ಧಕ್ಕಿಂತ ಕಡಿಮೆಯಿಂದ ಆರಂಭಿಸಿ ಎರಡು ಮೂರು ಹಂತಗಳಲ್ಲಿ ಏರಿಸುವುದು ಬಲ್ಲವರ ರೀತಿ.

ವ್ಯಾಯಾಮವೆಂಬ ಹೆಸರಿಲ್ಲದ ದುಡಿಮೆಗೂ ಈ ಮಾತು ಅನ್ವಯಿಸುತ್ತದೆ. ತಿಕೋಟಾದ ಸುತ್ತ ದ್ರಾಕ್ಷಿಯ ತೋಟಗಳು ಹಬ್ಬಿವೆ. ಬಳ್ಳಿ ಸವರುವಾಗ, ಗೊನೆ ಬಿಡಿಸುವಾಗ ಕೈಗಳು ಗಂಟೆಗಟ್ಟಲೆ ತಲೆಯ ಮೇಲೆಯೇ ಇರುತ್ತವೆ. ಕುತ್ತಿಗೆ, ಭುಜಗಳು ಬಿಗಿಯುತ್ತವೆ. ಡೋಣಿ ನದಿಯ ಎರೆಮಣ್ಣಿನ ಬಯಲಿನಲ್ಲಿ ಜೋಳ ಕೀಳುವ ಸುಗ್ಗಿಯ ದಿನಗಳಲ್ಲಿ ಬಗ್ಗಿದ ಟೊಂಕ ನೆಟ್ಟಗಾಗಲು ಹೊತ್ತು ಹಿಡಿಯುತ್ತದೆ. ವರ್ಷವೆಲ್ಲ ನಗರದ ಕಚೇರಿಯಲ್ಲಿದ್ದು ಸುಗ್ಗಿಗೆಂದು ಬಬಲೇಶ್ವರದ ಕಡೆಯ ಹೊಲಕ್ಕೆ ಹೋಗುವವರು, ಮೊದಲ ದಿನವೇ ಅಣ್ಣತಮ್ಮಂದಿರ ಸಮಕ್ಕೆ ದುಡಿಯಲು ಹೋಗಬಾರದು. ಗಂಟೆಗೊಮ್ಮೆ ನೆಟ್ಟಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಮೆಲ್ಲನೆ ಹಿಂದಕ್ಕೆ ಬಾಗಿ, ನಾಲ್ಕು ಹೆಜ್ಜೆ ನಡೆದು ಬಂದರೆ ಬೆನ್ನು ಬದುಕಿಕೊಳ್ಳುತ್ತದೆ.

ಗೋಳಗುಮ್ಮಟದ ಮೆಟ್ಟಿಲುಗಳು

ವ್ಯಾಯಾಮದ ಮರುದಿನ ಬರುವ ಮೈನೋವು ಬಹುಮಂದಿಯನ್ನು ಹೆದರಿಸುತ್ತದೆ. 1656ರ ಸುಮಾರಿಗೆ ಮುಗಿದ ಗೋಳಗುಮ್ಮಟದ ಏಳು ಅಂತಸ್ತಿನ ಮೂಲೆಗೋಪುರಗಳ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ, ಪಿಸುಮಾತಿನ ಮೊಗಸಾಲೆಯಲ್ಲಿ ಕೂಗಿ ನಲಿದು ಇಳಿದು ಬಂದ ಪ್ರವಾಸಿಗರು ಈ ನೋವನ್ನು ಚೆನ್ನಾಗಿ ಬಲ್ಲರು. ವಿಚಿತ್ರವೆಂದರೆ ಇದಕ್ಕೆ ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚಿನ ಕಾರಣ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆಯಬೇಕಾಗುತ್ತದೆ. ರೂಢಿಯಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ. ನೋವು ಮರುದಿನ ತೊಡಗಿ, ಎರಡು ಮೂರು ದಿನಗಳಲ್ಲಿ ಬಲಿತು, ತಾನಾಗಿಯೇ ಇಳಿಯುತ್ತದೆ. ಸ್ನಾಯುವಿನಲ್ಲಿ ಆಮ್ಲ ನಿಲ್ಲುವುದರಿಂದ ಈ ನೋವು ಬರುತ್ತದೆಂಬ ಮಾತು ಇನ್ನೂ ಕೇಳಿಬರುತ್ತದಾದರೂ ಅದು ಸರಿಯಲ್ಲ. ಆ ಆಮ್ಲ ಗಂಟೆಯೊಂದರೊಳಗೆ ರಕ್ತದಲ್ಲಿ ಸೇರಿ ಕರಗಿಹೋಗುತ್ತದೆ. ಎಳೆತದಿಂದ ಈ ನೋವು ಹೆಚ್ಚೇನೂ ಕಡಿಮೆಯಾಗದು. ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಕೊಳ್ಳುವುದೇ ಇದಕ್ಕೆ ಮದ್ದು.

ವ್ಯಾಯಾಮ ಮುಗಿದೊಡನೆ ಥಟ್ಟನೆ ಕುಳಿತುಬಿಡಬಾರದು. ಐದು ನಿಮಿಷ ನಿಧಾನವಾಗಿ ನಡೆದು ಹೃದಯದ ಬಡಿತವನ್ನು ತಗ್ಗಿಸಿಕೊಳ್ಳಬೇಕು. ಸ್ನಾಯುಗಳನ್ನು ಎಳೆಯಲು ಇದೇ ಸುಸಮಯ. ಮೀನಖಂಡ, ತೊಡೆಯ ಹಿಂಬದಿ, ತೊಡೆಯ ಮುಂಬದಿ, ಭುಜ—ಒಂದೊಂದನ್ನೂ 20ರಿಂದ 30 ಸೆಕೆಂಡು ಹಿಡಿದು ಬಿಡಬೇಕು. ಹಿತವಾದ ಸೆಳೆತದವರೆಗೆ ಹೋಗಬಹುದು. ನೋವು ಬಂದಲ್ಲಿ ನಿಲ್ಲಬೇಕು. ಕುಪ್ಪಳಿಸುತ್ತ ಎಳೆಯುವುದು, ಇನ್ನೊಬ್ಬರಿಂದ ಬೆನ್ನು ಒತ್ತಿಸಿಕೊಳ್ಳುವುದು ಕೂಡದು.

ಪೆಟ್ಟಾದರೆ?

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ಕಾಲು ಉಳುಕುವುದುಂಟು. ಆಗ ಮೊದಲ ಕೆಲಸ ಆಟವನ್ನು ನಿಲ್ಲಿಸುವುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಹದವಾಗಿ ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಬೇಕು. ಉಳುಕು ತೆಗೆಸುತ್ತೇವೆಂದು ಬಾತ ಕಾಲಿಗೆ ಎಣ್ಣೆ ಹಚ್ಚಿ ಜೋರಾಗಿ ನೀವಿಸುವುದೂ, ಬಿಸಿ ಶಾಖ ಕೊಡುವುದೂ ಮೊದಲ ಎರಡು ದಿನಗಳಲ್ಲಿ ಹಿತವಲ್ಲ; ಒಳಗಿನ ಬಾವು ಹೆಚ್ಚಬಹುದು. ಎರಡು ಮೂರು ದಿನಗಳ ಬಳಿಕ ನೋವಿನ ಮಿತಿಯೊಳಗೆ ನಡೆದಾಡತೊಡಗಬೇಕು. ವಾರಗಟ್ಟಲೆ ಮಂಚ ಹಿಡಿದರೆ ಸ್ನಾಯು ಸೊರಗುತ್ತದೆ.

ಕೆಲವು ಲಕ್ಷಣಗಳು ಕಂಡಾಗ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನಾಲ್ಕು ಹೆಜ್ಜೆಯನ್ನೂ ಊರಲಾಗದಿರುವುದು. ಪೆಟ್ಟಾದ ಕ್ಷಣ ಮಂಡಿಯಲ್ಲಿ ‘ಟಪ್’ ಎಂದು ಸದ್ದಾಗಿ ಬೇಗನೆ ಊದಿಕೊಳ್ಳುವುದು. ಹಿಂದಿನಿಂದ ಯಾರೋ ಒದ್ದಂತೆ ಹಿಮ್ಮಡಿಯ ಮೇಲೆ ಪೆಟ್ಟು ತಗುಲಿದ ಅನುಭವವಾಗಿ ತುದಿಗಾಲಲ್ಲಿ ನಿಲ್ಲಲಾಗದಿರುವುದು. ಮೂಳೆಯ ಒಂದೇ ಬಿಂದುವಿನಲ್ಲಿ ದಿನದಿನಕ್ಕೆ ಬೆಳೆಯುವ ನೋವು—ಇವೆಲ್ಲ ಸಾಮಾನ್ಯ ಉಳುಕುಗಳಲ್ಲ. ವ್ಯಾಯಾಮದ ನಡುವೆ ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರಂತೂ ಅದನ್ನು ಸ್ನಾಯುವಿನ ನೋವೆಂದು ಸಮಾಧಾನ ಹೇಳಿಕೊಳ್ಳಕೂಡದು. ಆ ಕ್ಷಣವೇ ಆಸ್ಪತ್ರೆ ಸೇರಬೇಕು. ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇರುವವರು ಹೊಸದಾಗಿ ಓಟ ಆರಂಭಿಸುವ ಮುನ್ನ ವೈದ್ಯರ ಸಲಹೆ ಪಡೆಯುವುದು ಅವಶ್ಯ.

ಕೊನೆಗೂ ಹೇಳಬೇಕಾದ ಮಾತೆಂದರೆ, ಮೈ ಬಿಸಿ ಮಾಡಿಕೊಂಡರೂ ಅವಸರಕ್ಕೆ ಕ್ಷಮೆಯಿಲ್ಲ. ವ್ಯಾಯಾಮದ ಬಹುಪಾಲು ನೋವುಗಳು ಬರುವುದು ಒಂದೇ ವಾರದಲ್ಲಿ ದೂರವನ್ನೋ ಭಾರವನ್ನೋ ಇಮ್ಮಡಿಗೊಳಿಸುವುದರಿಂದ. ಈ ವಾರ ಎರಡು ಕಿಲೋಮೀಟರ್ ನಡೆದವರು ಮುಂದಿನ ವಾರ ಸ್ವಲ್ಪ ಮಾತ್ರ ಹೆಚ್ಚಿಸಲಿ. ನಡಿಗೆ ಪಳಗಿದ ಮೇಲೆ ನಡುನಡುವೆ ಒಂದು ನಿಮಿಷ ಓಡಲಿ. ವಾರದಲ್ಲಿ ಒಂದೆರಡು ದಿನ ಮೈಗೆ ರಜೆಯೂ ಸಿಗಲಿ. ಮಣ್ಣು ಹದವಾಗುವವರೆಗೆ ವಸ್ತಾದರು ಹುಡುಗರನ್ನು ಕುಸ್ತಿಗೆ ಬಿಡುವುದಿಲ್ಲ. ಮೈ ಹದವಾಗುವವರೆಗೆ ಕಾಯುವ ಅಷ್ಟೇ ತಾಳ್ಮೆಯನ್ನು ಗೃಹಸ್ಥರೂ ಕಲಿತರೆ, ಹೊಸ ಬೂಟು ಅಟ್ಟ ಸೇರುವ ಬದಲು ನಡೆದು ನಡೆದೇ ಸವೆದೀತು.